ಊದಿನಕಡ್ಡಿ ಮೊದಲೋ, ಮೂಗು ಮೊದಲೋ

ಶಾಲೆಗಳ ಬಿಸಿಯೂಟದ ಅಡುಗೆಯವರಿಗೆ ಗ್ಯಾಸ್ ಸುರಕ್ಷತೆ ಕಲಿಸುವುದು ನನ್ನ ಕೆಲಸ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರು ತಾಲ್ಲೂಕು ನನ್ನ ಪಾಲಿಗೆ. ಹದಿನೈದಿಪ್ಪತ್ತು ವರ್ಷ ನೂರಾರು ಮಕ್ಕಳಿಗೆ ಬೇಯಿಸಿ ಹಾಕಿದ ಹೆಂಗಸರ ಮುಂದೆ ನಿಂತು, ಚಹಾ ಇಟ್ಟರೆ ಉಕ್ಕಿಸಿಬಿಡುವ ನಾನು, ಒಲೆ ಹಚ್ಚುವುದು ಹೇಗೆಂದು ಹೇಳಬೇಕು. ದೇವರು ನನಗೆ ನಾಚಿಕೆ ಸ್ವಲ್ಪ ಕಡಿಮೆ ಕೊಟ್ಟಿರುವುದರಿಂದ ಹೇಗೋ ನಡೆದುಕೊಂಡು ಹೋಗುತ್ತಿದೆ.

ನಡೆಯದಿರುವುದು ಒಂದೇ ಕಡೆ, ನಮ್ಮ ಮನೆಯಲ್ಲಿ. ಅವ್ವನೂ ವಳಕಮದಿನ್ನಿಯ ಶಾಲೆಯಲ್ಲಿ ಅಡುಗೆ ಮಾಡುತ್ತಾಳೆ. ಮುಂಜಾನೆ ಬೀಗ ತೆಗೆದು ಒಳಗೆ ಹೋದವಳು ಒಲೆ ಒರೆಸಿ, ಕುಂಕುಮ ಇಟ್ಟು, ಹೂವು ಏರಿಸಿ, ಕಡ್ಡಿ ಗೀರಿ ಊದಿನಕಡ್ಡಿ ಹಚ್ಚುತ್ತಾಳೆ. ಅದನ್ನು ಒಂದು ಆಲೂಗಡ್ಡೆಗೆ ಚುಚ್ಚಿ ಒಲೆಯ ಪಕ್ಕ ನಿಲ್ಲಿಸಿ ಕೈ ಮುಗಿದ ಮೇಲೆಯೇ ಕಿಟಕಿ, ರೆಗ್ಯುಲೇಟರ್ ಎಲ್ಲ. ರಾತ್ರಿಯೆಲ್ಲ ಮುಚ್ಚಿದ್ದ ಕೋಣೆ ಅದು. ಗ್ಯಾಸ್ ಸೋರಿ ತುಂಬಿದ್ದರೆ ಕಡ್ಡಿ ಗೀರಿದ ಕೂಡಲೇ ಮುಗಿಯಿತು. ಸಣ್ಣಗೆ ಸೋರುತ್ತಿದ್ದರೆ ಊದಿನಕಡ್ಡಿಯ ಪರಿಮಳದಲ್ಲಿ ವಾಸನೆಯೇ ತಿಳಿಯುವುದಿಲ್ಲ. ನಾನು ಎಷ್ಟು ಸಲ ಹೇಳಿದರೂ ಅವಳದು ಒಂದೇ ಉತ್ತರ: ‘ಅಗ್ನಿಗೆ ಕೈ ಮುಗೀದನ ಒಲಿ ಹಚ್ಚಲೇನು? ನಿನಗೇನರ ಬುದ್ಧಿ ಐತಿಲ್ಲೊ.’

ಅವ್ವ ಒಬ್ಬಳೇ ಆಗಿದ್ದರೆ ಜಗಳವಾಡಿ ಸುಮ್ಮನಾಗುತ್ತಿದ್ದೆ. ನಾನು ಕಾಲಿಟ್ಟ ಅಡುಗೆ ಕೋಣೆಗಳಲ್ಲೆಲ್ಲ ಆ ಆಲೂಗಡ್ಡೆ ನನಗಿಂತ ಮೊದಲು ಬಂದು ಕೂತಿರುತ್ತಿತ್ತು.

ಮೊದಲ ತರಬೇತಿ ಲಿಂಗಸುಗೂರಿನಲ್ಲಿ. ಅರವತ್ತು ಸ್ಲೈಡು ಮಾಡಿಕೊಂಡು ಹೋಗಿದ್ದೆ. ಪರದೆ ಚೆನ್ನಾಗಿ ಕಾಣಲೆಂದು ದೀಪ ಆರಿಸಿದೆ. ನಸುಕಿನಲ್ಲಿ ಎದ್ದು ಮನೆಗೆಲಸ ಮುಗಿಸಿ ಬಸ್ಸು ಹಿಡಿದು ಬಂದ ಹೆಂಗಸರು, ತಲೆಯ ಮೇಲೆ ಫ್ಯಾನು, ಸುತ್ತ ಕತ್ತಲೆ. ‘ಸುರಕ್ಷತೆಯ ಹನ್ನೆರಡು ಸೂತ್ರಗಳು’ ಬರುವಷ್ಟರಲ್ಲಿ ಗೊರಕೆ ಶುರುವಾಗಿತ್ತು. ನಾನು ದೀಪ ಹಾಕಲು ಎದ್ದರೆ ಒಬ್ಬಾಕೆ ಮೆಲ್ಲಗೆ, ‘ಬ್ಯಾಡ್ರಿ ಮೇಡಂ, ಪಾಪ, ಆಕಿ ಈಗ ಮಕ್ಕೊಂಡಾಳ’ ಎಂದಳು. ಊದಿನಕಡ್ಡಿಯ ಮಾತು ಬಂದಾಗ ಮಾತ್ರ ಎಲ್ಲರೂ ಎದ್ದು ಕೂತರು. ‘ಪೂಜಿ ಬಿಡ್ರಿ ಅಂದ್ರ ಕೆಲಸಾನ ಬಿಡ್ತೀವ್ರಿ’ ಎಂದರು. ನಾನು ಮುಂದಿನ ಸ್ಲೈಡಿಗೆ ಓಡಿದೆ.

ದೊಡ್ಡವರಿಗೆ ಆಟದ ಮೂಲಕ ಕಲಿಸಬೇಕೆಂದು ಎಲ್ಲೋ ಓದಿದ್ದೆ. ಮಸ್ಕಿಗೆ ಹೋಗುವಾಗ ಒಂದು ಚೀಲ ಪುಗ್ಗಾ, ಅಂದರೆ ಬಲೂನು, ಒಯ್ದೆ. ಪುಗ್ಗಾ ಅಂದರೆ ಗ್ಯಾಸು, ಸೂಜಿ ಅಂದರೆ ಬೆಂಕಿ, ಹೀಗೆ ಏನೇನೋ ನನ್ನ ತಲೆಯಲ್ಲಿತ್ತು. ಮುಂದಿನ ಸಾಲಿನ ಹಿರಿಯಾಕೆ ಕೈಯಲ್ಲಿದ್ದ ಪುಗ್ಗಾ ನೋಡಿ, ನನ್ನ ನೋಡಿ, ‘ನನಗ ನಾಕು ಮೊಮ್ಮಕ್ಕಳು ಅದಾವ್ರಿ ಮೇಡಂ. ಅವಕ್ಕ ಒಯ್ತೀನ್ರಿ’ ಎಂದು ಸೆರಗಿನಲ್ಲಿ ಕಟ್ಟಿಕೊಂಡಳು. ಉಳಿದವರೂ ಕಟ್ಟಿಕೊಂಡರು. ಚಟುವಟಿಕೆ ಅಲ್ಲಿಗೆ ಮುಗಿಯಿತು.

ಆದರೆ ಮಧ್ಯಾಹ್ನ ಹೊರಗಿನಿಂದ ಊಟ ಬಂದಾಗ ಅದೇ ಹಿರಿಯಾಕೆ ಸಾರಿನ ಮುಚ್ಚಳ ಎತ್ತಿ, ರುಚಿ ನೋಡದೆಯೇ, ‘ಉಪ್ಪು ಕಡಿಮಿ ಬಿದ್ದೈತಿ’ ಎಂದಳು. ನಾನು ನಕ್ಕೆ. ಬಡಿಸಿಕೊಂಡು ನೋಡಿದರೆ ನಿಜವಾಗಿಯೂ ಕಡಿಮೆ. ‘ವಾಸನಿ ಮ್ಯಾಲೇ ಗೊತ್ತಾಗ್ತೈತ್ರಿ’ ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದರು. ಬೇಳೆ ತಳ ಹಿಡಿದಿದೆ, ಒಗ್ಗರಣೆ ಸೀದಿದೆ, ಅಕ್ಕಿ ಹಳೆಯದು. ಮುಂಜಾನೆಯಿಂದ ತೂಕಡಿಸಿದವರು ಆ ಅಡುಗೆಯವನ ಮಾನ ಹರಾಜಿಗಿಟ್ಟು ಕಣ್ಣರಳಿಸಿ ಕೂತಿದ್ದರು. ಇವರನ್ನು ಎಚ್ಚರಿಸಲು ನನ್ನ ಬುದ್ಧಿ ಬೇಕಾಗಿಲ್ಲ, ಇವರ ಮೂಗೇ ಸಾಕು ಎಂದು ನನಗೆ ಆಗ ಹೊಳೆಯಿತು.

ಸಿಂಧನೂರಿನ ತರಬೇತಿಗೆ ಅವ್ವನೂ ಬರಬೇಕಿತ್ತು. ‘ಅಲ್ಲಿ ಅವ್ವ-ಗಿವ್ವ ಅನಬ್ಯಾಡ, ಮಂದಿ ಮುಂದ ಚಲೋ ಕಾಣಂಗಿಲ್ಲ’ ಎಂದು ಮೊದಲೇ ತಾಕೀತು ಮಾಡಿದ್ದಳು. ಮೂರನೇ ಸಾಲಿನಲ್ಲಿ ಕೂತು, ಗುರುತೇ ಇಲ್ಲದವರ ಹಾಗೆ ನನಗೆ ‘ನಮಸ್ಕಾರ್ರಿ ಮೇಡಂ’ ಎಂದಳು. ನಾನೂ ಗಂಭೀರವಾಗಿ ‘ನಮಸ್ಕಾರ್ರಿ’ ಎಂದೆ.

ಸ್ಲೈಡು ಇಲ್ಲ, ಪುಗ್ಗಾ ಇಲ್ಲ. ಎರಡು ಕೋಣೆ, ಒಂದೊಂದರಲ್ಲೂ ಬೋರಲು ಹಾಕಿದ ಐದು ಬುಟ್ಟಿ, ಒಂದು ಬುಟ್ಟಿಯ ಕೆಳಗೆ ಕೊಳೆತ ಉಳ್ಳಾಗಡ್ಡಿ. ಸೋರಿದರೆ ತಿಳಿಯಲೆಂದು ಗ್ಯಾಸಿಗೆ ಬೆರೆಸುವ ವಾಸನೆ ಹೆಚ್ಚುಕಡಿಮೆ ಅದೇ. ‘ಯಾರ ಮೂಗು ಚುರುಕು ನೋಡೋಣ’ ಎಂದೆ. ಮೊದಲ ಕೋಣೆಯಲ್ಲಿ ಬಾಗಿಲು ದಾಟುವ ಮೊದಲೇ ಬೈಗುಳ ಶುರುವಾಯಿತು. ಒಬ್ಬರೂ ತಪ್ಪಲಿಲ್ಲ. ಎರಡನೆಯ ಕೋಣೆಯ ಕಿಟಕಿ ಮುಚ್ಚಿ, ಒಂದು ಹಿಡಿ ಊದಿನಕಡ್ಡಿ ಹಚ್ಚಿಟ್ಟಿದ್ದೆ. ಅಲ್ಲಿ ಎಲ್ಲರೂ ಎಡವಿದರು. ಅವ್ವ ದೊಡ್ಡ ಧೈರ್ಯದಿಂದ ಕೊನೆಯ ಬುಟ್ಟಿ ಎತ್ತಿದಳು, ಕೆಳಗೆ ನೆಲ ಮಾತ್ರ ಇತ್ತು. ಉಳ್ಳಾಗಡ್ಡಿ ಇದ್ದದ್ದು ಅವಳು ಇನ್ನೊಂದು ಕೈ ಊರಿದ್ದ ಬುಟ್ಟಿಯ ಕೆಳಗೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವ್ವ ನಗಲಿಲ್ಲ.

‘ಆಟ ಬ್ಯಾರೆ, ಒಲಿ ಬ್ಯಾರೆ’ ಎಂದಳು, ಗೋಡೆಯ ಕಡೆ ನೋಡುತ್ತ.

ಅಷ್ಟರಲ್ಲಿ ಮುಂದಿನ ಸಾಲಿನವಳೊಬ್ಬಳು, ಏನೂ ಅರಿಯದೆ, ‘ಮೇಡಂ, ಇಷ್ಟೆಲ್ಲಾ ಹೇಳ್ತೀರಲ್ರಿ, ನಿಮ್ಮವ್ವ ಹಚ್ಚಂಗಿಲ್ಲೇನ್ರಿ ಊದಿನಕಡ್ಡಿ?’ ಎಂದು ಕೇಳಿದಳು.

ಅರವತ್ತು ಸ್ಲೈಡಿನಲ್ಲಿ ಎಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ಸುಳ್ಳು ಹೇಳೋಣವೆಂದರೆ ಅವ್ವ ಎದುರಿಗೇ ಇದ್ದಾಳೆ.

‘ಹಚ್ತಾಳ್ರಿ’ ಎಂದೆ. ‘ದಿನಾ ಹಚ್ತಾಳ. ಆಕಿ ಕಡ್ಡಿ ಗೀರೋ ಹೊತ್ತಿಗೆ ನಾ ಬಸ್ಸಿನ್ಯಾಗ ಇರ್ತೀನಿ. ಅಂಜಿಕಿ ಬರ್ತೈತಿ. ಆಕಿಗೇನರ ಆದ್ರ ನನಗ ಯಾರದಾರ್ರಿ?’ ತರಬೇತುದಾರರು ಅಳಬಾರದು, ಗೊತ್ತು. ಆದರೂ ಅತ್ತೆ.

ಮೂರನೇ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು.

‘ಇದನ್ನ ಮನಿಯಾಗ ಹೇಳಾಕ ಏನಾಗಿತ್ತಬೇ ನಿನಗ?’ ಅವ್ವ ಎದ್ದು ನಿಂತಿದ್ದಳು. ಮಂದಿ ಮುಂದೆ ಎಂಬುದೆಲ್ಲ ಮರೆತುಹೋಗಿತ್ತು. ‘ಎರಡು ವರ್ಷ ಆತು, ಸೋರಿಕೆ ಅಂತಿ, ಸ್ಫೋಟ ಅಂತಿ, ಸರ್ಕಾರದ ಕಾಗದ ಓದಿದಂಗ ಓದ್ತಿ. ಅಂಜಿಕಿ ಬರ್ತೈತಿ ಯವ್ವಾ ಅಂತ ಒಂದು ದಿನಾನೂ ಅನಲಿಲ್ಲ.’

ಎಲ್ಲರ ಕಣ್ಣೂ ನನ್ನಿಂದ ಅವಳಿಗೆ, ಅವಳಿಂದ ನನಗೆ ಓಡಾಡಿದವು. ಅವ್ವ ನನ್ನನ್ನು ಅಲ್ಲಿಗೇ ಬಿಟ್ಟು ಅವರ ಕಡೆ ತಿರುಗಿದಳು.

‘ಕೇಳ್ರಿಲ್ಲೆ. ನಾಳಿಂದ ಮೊದಲ ಬಾಗಿಲಾ ಕಿಡಕಿ ತಗದು ಮೂಸಿ ನೋಡ್ರಿ. ವಾಸನಿ ಇಲ್ಲಂದ್ರ ಒಲಿ ಹಚ್ರಿ. ಊದಿನಕಡ್ಡಿ ಕಡೀಕ, ಒಲಿಯಿಂದ ದೂರ, ಕಿಡಕಿಯಾಗ.’

‘ದೇವರಿಗೆ ಸಿಟ್ಟು ಬಂದ್ರ?’ ಮುಂದಿನ ಸಾಲಿನವಳು ಬಿಡಲಿಲ್ಲ.

‘ಹತ್ತು ನಿಮಿಷ ತಡಾ ಆದ್ರ ದೇವರೇನು ಸಿಟ್ಟಾಗಂಗಿಲ್ಲ’ ಎಂದಳು ಅವ್ವ. ‘ಅಲ್ಲಿ ಬಸ್ಸಿನ್ಯಾಗ ನನ್ನ ಮಗಳು ಅಂಜಿಕೊಂಡು ಕುಂತಿರ್ತಾಳ. ಆಕಿಗೆ ಮೊದಲ ಸಮಾಧಾನ ಆಗ್ಲಿ.’