ನೀವು ಇಲ್ಲಿದ್ದೀರಿ

ಕಡಲತಡಿಯ ಕೋಡಿ ಊರಿನ ಚಂದ್ರಮತಿಗೆ ಅನುಮಾನ ಹುಟ್ಟುಗುಣ. ಕುಂದಾಪುರ ಪೇಟೆಯಲ್ಲಿ ಮೀನು ಮಾರಿ ಕೂದಲು ಹಣ್ಣಾದವಳು. ಪೆಟ್ಟಿಗೆಯ ಮೇಲಿನ ಬಂಗುಡೆ ಎಷ್ಟೇ ಹೊಳೆಯಲಿ, ಅವಳ ಕೈ ತಳಕ್ಕೇ ಹೋಗುತ್ತಿತ್ತು. ಬಸ್ಸಿನ ಹಣೆಯ ಮೇಲೆ ‘ಬಾರ್ಕೂರು’ ಎಂದಿದ್ದರೂ ಕಂಡಕ್ಟರನ ಬಾಯಲ್ಲಿ ಹೇಳಿಸಬೇಕು, ಕಂಡಕ್ಟರ್ ಹೇಳಿದರೆ ಒಳಗೆ ಕೂತವರನ್ನೂ ಕೇಳಬೇಕು.

ಅವಳು ಲೋಕದಲ್ಲಿ ನಂಬಿದ್ದು ಅಕ್ಕ ಪದ್ದು ಒಬ್ಬಳನ್ನೇ. ಆ ಪದ್ದುವಿಗೇ ಈಚೆಗೆ ಮರೆವು ಬಂದಿತ್ತು. ಯಾರ ಮನೆಯಲ್ಲಿದ್ದೇನೆ ಎಂಬುದೂ ಒಮ್ಮೊಮ್ಮೆ ತಪ್ಪುತ್ತಿತ್ತು. ಹುಲಿ ನೋಡುವ ಆಸೆ ಮಾತ್ರ ಮರೆತಿರಲಿಲ್ಲ. ಹಾಗಾಗಿ 2004ರಲ್ಲಿ ಸ್ವಸಹಾಯ ಗುಂಪಿನ ಹೆಂಗಸರು ಬಸ್ಸು ಮಾಡಿಕೊಂಡು ಘಟ್ಟದ ಮೇಲಿನ ಮೃಗಾಲಯಕ್ಕೆ ಹೊರಟಾಗ, ಚಂದ್ರಮತಿ ಅಕ್ಕನನ್ನೂ ಹತ್ತಿಸಿಕೊಂಡಳು.

“ಯಾರನ್ನೂ ನಂಬುಕಾಗ. ನನ್ ಕೈ ಬಿಡುಕಾಗ” ಎಂದು ದಾರಿಯುದ್ದಕ್ಕೂ ಬೋಧನೆ ಮಾಡಿದಳು.

ಮೃಗಾಲಯದ ಬಾಗಿಲಲ್ಲಿ ದೊಡ್ಡ ನಕಾಶೆ. ಕೆಂಪು ಚುಕ್ಕೆಯ ಕೆಳಗೆ ‘ನೀವು ಇಲ್ಲಿದ್ದೀರಿ’ ಎಂದು ಬರೆದಿತ್ತು. ಜಿರಾಫೆಯ ಹತ್ತಿರವೂ ಅದೇ ನಕಾಶೆ, ಅದೇ ಮಾತು, ಚುಕ್ಕೆ ಮಾತ್ರ ಬೇರೆ ಕಡೆ.

“ಆಗ ಅಲ್ಲಿದ್ರಿ ಅಂತ್, ಈಗ ಇಲ್ಲಿದ್ರಿ ಅಂತ್. ನಾ ಎಲ್ಲಿದ್ದೆ ಅಂದೇಳಿ ಈ ಹಲ್ಗಿಗ್ ಹ್ಯಾಂಗ್ ಗೊತ್ತ್?” ಎಂದು ಚಂದ್ರಮತಿ ಮುಖ ತಿರುಗಿಸಿದಳು.

ಹುಲಿ ನೋಡಿಯಾಯಿತು. ಅಲ್ಲಿದ್ದ ನಕಾಶೆಯ ಪಕ್ಕದಲ್ಲಿ ಹೊರದಾರಿಯ ಬಾಣ ಎಡಕ್ಕೆ ತೋರಿಸುತ್ತಿತ್ತು. ಎಡಕ್ಕೆ ಸಾಲು ಸಾಲು ಅಂಗಡಿ! ಇದು ಅಂಗಡಿಯವರದೇ ಕಿತಾಪತಿ ಎಂದು ಅವಳಿಗೆ ಖಾತ್ರಿಯಾಯಿತು. ಗೇಟು ಇರುವುದು ಪಡುವಣಕ್ಕೆ ಎಂದು ಬೆಳಿಗ್ಗೆಯೇ ಗುರುತು ಮಾಡಿಕೊಂಡಿದ್ದಳು. ಊರಲ್ಲಾದರೆ ಗಾಳಿ ಬೀಸಿ ಬರುವ ಕಡೆ ಕಡಲು, ಕಡಲಿದ್ದ ಕಡೆ ಪಡುವಣ. ಗುಂಪಿನವರ ಜೊತೆ ಕೈ ಬೀಸಿ ವಾದ ಮಾಡಿ, ಗಾಳಿಗೆ ಮುಖ ಕೊಟ್ಟು ಬಲಕ್ಕೆ ಹೊರಟೇಬಿಟ್ಟಳು. ಕೈ ಬೀಸಲೆಂದು ಬಿಟ್ಟ ಅಕ್ಕನ ಕೈಯನ್ನು ಮತ್ತೆ ಹಿಡಿದುಕೊಳ್ಳಲು ಮರೆತಿದ್ದಳು. ಪದ್ದು ತಂಗಿಯ ಹಿಂದೆಯೇ ಹೋದಳು ಎಂದುಕೊಂಡು ಗುಂಪಿನವರು ಎಡಕ್ಕೆ ನಡೆದರು.

ಘಟ್ಟದ ಮೇಲೆ ಎಲ್ಲಿಯ ಕಡಲು? ಹೋಗಿ ಮುಟ್ಟಿದ್ದು ಆನೆ ಲಾಯಕ್ಕೆ. ತಿರುಗಿ ನೋಡಿದರೆ ಹಿಂದೆ ಪದ್ದು ಇಲ್ಲ.

ಚಂದ್ರಮತಿ ಅಲ್ಲಿದ್ದ ಕಾವಲುಗಾರನನ್ನು ಹಿಡಿದು ಹುಲಿಯ ಕಡೆಯ ದಾರಿ ಕೇಳಿದಳು. ಯಾರಾದರೂ ಕೇಳಿದರೆ ಅಕ್ಕನಿಗೆ ಊರಿನ ಹೆಸರಾದರೂ ನೆನಪಿದ್ದೀತೇ? ಕಾವಲುಗಾರ “ಹುಲಿ ಚಿತ್ರ ಇರೋ ಬಾಣ ಹಿಡ್ಕೊಂಡು ಹೋಗಮ್ಮ” ಎಂದ. ಇವನೂ ಅಂಗಡಿಯವರ ಕಡೆಯವನೇ ಇರಬೇಕು ಅನ್ನಿಸಿತು. ಆದರೆ ಗತಿಯಿರಲಿಲ್ಲ; ಬಾಣ ನೋಡಿಕೊಂಡೇ ಓಡಿದಳು.

ಹುಲಿಯ ಹತ್ತಿರದ ನಕಾಶೆಯ ಮುಂದೆ, ಕೆಂಪು ಚುಕ್ಕೆಗೆ ಬೆರಳೊತ್ತಿಕೊಂಡು ಪದ್ದು ನಿಂತಿದ್ದಳು. ಪಕ್ಕದಲ್ಲಿ ಯಾರೋ ಹುಡುಗಿ. ಚಂದ್ರಮತಿಯ ಕಣ್ಣು ಮೊದಲು ಹೋದದ್ದು ಅಕ್ಕನ ಕೊರಳ ಸರಕ್ಕೆ. ಸರ ಕೊರಳಲ್ಲೇ ಇತ್ತು.

“ಎಲ್ಲಿಗ್ ಹೋದೆ ಹೆಣೆ?” ಪದ್ದು ಗದರಿದಳು. “ನಾ ಎಲ್ಲಿದ್ದೆ ಅಂದ್ ಈ ಹೆಣ್ಣಿನ್ ಹತ್ರ ಕೇಂಡೆ. ಇಲ್ಲಿದ್ರಿ ಅಂದ್ ಬರ್ದಿತ್ ಅಂದ್ಲ್. ಇಲ್ಲಿದ್ದೆ ಅಂದ್ಮೇಲೆ ಮತ್ ಎಲ್ಲಿಗ್ ಹೋಪುದ್? ನಿತ್ಕಂಡೆ.”

ಆ ಹುಡುಗಿಯ ಮುಖ ನೋಡಲು ಚಂದ್ರಮತಿಗೆ ನಾಚಿಕೆಯಾಯಿತು. ತಾನು ಹೇಳಿಕೊಟ್ಟ ಹಾಗೆ ಅಕ್ಕ ಯಾರನ್ನೂ ನಂಬದೆ ಹೊರಟಿದ್ದರೆ!

“ಇನ್ ಬೆರ್ಳ್ ತೆಗುದಾ?” ಎಂದಳು ಪದ್ದು.

ಚಂದ್ರಮತಿ ಆ ಬೆರಳನ್ನೇ ಹಿಡಿದುಕೊಂಡು, ಬಾಣ ತೋರಿಸಿದ ಕಡೆಗೆ ಹೊರಟಳು.