ಜೇನಿಗೆ ಬಣ್ಣ ಹಚ್ಚಿದ ಮೇಡಮ್

ಮೇಡಮ್ಮರ ಉಗುರುಸಂದಿಯಲ್ಲಿ ಸದಾ ಬಣ್ಣ ಇರುತ್ತಿತ್ತು: ಹಳದಿ, ಬಿಳಿ, ನೀಲಿ. ಜೇನುಹುಳದ ಬೆನ್ನಿಗೆ ಸೂಜಿಮೊನೆಯಷ್ಟು ಬಣ್ಣವಿಟ್ಟು, ಯಾವುದು ಯಾವಾಗ ಹೊರಟಿತು, ಯಾವಾಗ ಬಂತು ಎಂದು ಕಾಯುವುದು ಅವರ ಹುಚ್ಚು. ಸಾಂಗಲಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಪಾಠ ಮರಾಠಿ-ಇಂಗ್ಲಿಷಿನಲ್ಲಿ, ಮಿರಜದಿಂದ ಬರುವ ನನಗೆ ಬೈಗುಳ ಮಾತ್ರ ಕನ್ನಡದಲ್ಲಿ. ಅವರು ಕೂತದ್ದನ್ನು ನಾನಂತೂ ಕಾಣೆ. ಚಹಾ ಕೂಡ ಅಡ್ಡಾಡುತ್ತಲೇ ಕುಡಿಯುತ್ತಿದ್ದರು.

ಊರಿಗೆ ಊರೇ ಆಗ ಚಡಪಡಿಸುತ್ತಿತ್ತು. ಹೊಲಗಳು ಪ್ಲಾಟುಗಳಾಗುತ್ತಿದ್ದವು, ಕೇಬಲ್ ಟಿವಿ ಬಂದು ಜನ ನಿದ್ದೆಗೆಡುವುದನ್ನು ಕಲಿತಿದ್ದರು. ಮೇಡಮ್ ಹರಿಪುರದ ತಮ್ಮ ಹಿತ್ತಲಲ್ಲಿ, ಜೇನಿಗೆ ಕಾಣದ ಕೆಂಪು ದೀಪ ಹಚ್ಚಿಕೊಂಡು ಗಾಜಿನ ಗೂಡು ನೋಡುತ್ತ ನಿದ್ದೆಗೆಡುತ್ತಿದ್ದರು. ಹೂವಿಗೆ ಹೋಗುವ ಹುಳಕ್ಕೆ ಒಳಗೊಂದು ಗಡಿಯಾರವಿದೆ. ಹೊತ್ತಿಗೆ ಹೋಗುತ್ತದೆ, ಹೊತ್ತಿಗೆ ಮಲಗುತ್ತದೆ. ಗೂಡಿನೊಳಗೆ ಮರಿಗಳಿಗೆ ಉಣಿಸುವ ಎಳೆಯ ಹುಳಕ್ಕೆ ಹಗಲು ರಾತ್ರಿ ಒಂದೇ. “ಬಾಣಂತಿಗೆ ಎಲ್ಲೀ ನಿದ್ದಿ?” ಎನ್ನುತ್ತಿದ್ದರು.

ಪುಣೆಯಲ್ಲಿ ಸಂಶೋಧನೆಗೆ ಸೇರಿದಾಗ ನಾನು ಅದನ್ನೇ ಹಿಡಿದೆ. ಆ ಗಡಿಯಾರ ನಡೆಸುವ ಜೀನ್ ಒಂದಿದೆ. ಮಿದುಳಿನಲ್ಲಿ ಅದರ ಕೆಲಸ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಎಳೆಯ ಹುಳದಲ್ಲಿ ಆ ಏರಿಳಿತ ಇಲ್ಲವೆಂದು ತೋರಿಸಿದರೆ ಮೇಡಮ್ ಕಂಡದ್ದಕ್ಕೆ ಸಾಕ್ಷಿ, ನನಗೆ ಪದವಿ. ಆದರೆ ಅದಕ್ಕೆ ಹುಳಗಳ ತಲೆ ಬೇಕು. ಬಣ್ಣದ ಗುರುತಿನಿಂದ ವಯಸ್ಸು ಗೊತ್ತಿರುವ ಹುಳ ಇದ್ದದ್ದು ಅವರ ಗೂಡಿನಲ್ಲಿ. ಮೇಡಮ್ಮರೋ ಜೈನರು, ನೀರು ಸೋಸಿ ಕುಡಿಯುವವರು, ಜೇನು ಸಾಕಿಯೂ ಅದರ ತುಪ್ಪವನ್ನು ನಾಲಿಗೆಗೆ ಸೋಕಿಸದವರು.

ನಾನು ಹೋಗಿ ಹುಳ ಕೇಳಿದ ದಿನ ಮೇಡಮ್ ಸಂಜೆಯೆಲ್ಲ ಹಿತ್ತಲು ತುಳಿದರು. “ಬಣ್ಣಾ ಹಚ್ಚಿ ಮಕ್ಕಳಂಗ ನೋಡೇನಿ. ಈಗ ತಲಿ ಕೊಡು ಅಂತಿ,” ಎಂದರು. ನಾನೂ ಬಾಯಿ ಮುಚ್ಚಿಕೊಳ್ಳುವವಳಲ್ಲ. ಹಾಗಾದರೆ ನೀವು ಕಂಡದ್ದು ಬರೀ ಬಾಯಿಮಾತಾಗಿಯೇ ಉಳಿಯುತ್ತದೆ ಎಂದೆ. ಬೆಳಿಗ್ಗೆ ಒಪ್ಪಿದರು.

ದನದ ದವಾಖಾನೆಯಿಂದ ದ್ರವ ನೈಟ್ರೋಜನ್ನಿನ ಕ್ಯಾನು ತಂದೆ. ಅದರೊಳಗೆ ಬಿದ್ದ ಹುಳ ಆ ಕ್ಷಣಕ್ಕೇ ಹೆಪ್ಪುಗಟ್ಟುತ್ತದೆ. ನಾನು ಚಿಮಟ ಹಿಡಿದದ್ದೇ ತಡ, ಮೇಡಮ್ ಕಸಿದುಕೊಂಡರು.

“ನೀ ಬರೇ ಹೊತ್ತು ಹೇಳು. ಈ ಪಾಪ ನಂದಿರಲಿ. ನೀ ಇನ್ನೂ ಸಣ್ಣಾಕಿ.”

ಒಂದು ಹಗಲು, ಒಂದು ರಾತ್ರಿ, ಣಮೋಕಾರ ಮಂತ್ರ ಹೇಳುತ್ತ ಒಂದೊಂದೇ ಹುಳವನ್ನು ಎತ್ತಿ ಹಾಕಿದರು. ಅಷ್ಟು ಹೊತ್ತೂ ಹನಿ ನೀರು ಮುಟ್ಟಲಿಲ್ಲ. ಕೊನೆಗೆ ಪುಣೆಯ ಪ್ರಯೋಗಾಲಯದಲ್ಲಿ ಅವರು ಕಂಡದ್ದೇ ನಿಜವಾಯಿತು. ಫೋನು ಮಾಡಿ ಹೇಳಿದರೆ “ಚಲೋ ಆತು” ಎಂದು ಇಟ್ಟುಬಿಟ್ಟರು. ಆ ವಾರವೇ ಗೂಡುಗಳನ್ನು ಮಾಲಗಾಂವದ ತೋಟದವರೊಬ್ಬರಿಗೆ ಕೊಟ್ಟರಂತೆ. ನನ್ನ ಪದವಿಯ ಬೆಲೆಯನ್ನು ಅವರು ತೆತ್ತರು. ಅದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಅವರ ಕೊನೆಯ ಸಂಜೆ ಮಿರಜದ ಆಸ್ಪತ್ರೆಯಲ್ಲಿ ನಾನು ಪಕ್ಕದಲ್ಲಿದ್ದೆ. ಕಿಟಕಿಯಿಲ್ಲದ ಕೋಣೆ, ಎಂದೂ ಆರದ ಟ್ಯೂಬ್‌ಲೈಟು. ಮಲಗಿದಲ್ಲೂ ಅವರ ಕೈ ಹಾಸಿಗೆಯನ್ನು ತಡವುತ್ತಲೇ ಇತ್ತು. ಹೊಟ್ಟೆಗೆ ಏನಾದರೂ ಹೋಗಲೇಬೇಕೆಂದು ಡಾಕ್ಟರು ಹೇಳಿದ್ದರು. ಗಂಜಿಯ ಚಮಚ ಎತ್ತಿದಾಗ ನನ್ನ ಕೈ ಹಿಡಿದು ಕೇಳಿದರು: “ಹೊತ್ತು ಮುಣಗೇತೇನವಾ?”

ಹೊತ್ತು ಮುಳುಗಿದ ಮೇಲೆ ಉಣ್ಣದ ವ್ರತ ಅವರದು. ಬುದ್ಧಿ ಬಂದಾಗಿನಿಂದ ಮುರಿದವರಲ್ಲ. ನಾನು ಗಂಜಿ ತರಲು ಹೋದಾಗ ಹೊರಗೆ ಆಗಲೇ ಬೀದಿದೀಪ ಹತ್ತಿದ್ದವು.

“ಇಲ್ರಿ ಮೇಡಮ್,” ಎಂದೆ, “ಇನ್ನೂ ಬಿಸಲೈತ್ರಿ.”

ಅವರು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಬಾಯಿ ತೆರೆದರು.