ಮಾವನವರ ಕೈ, ಜೀಪಿನ ಸ್ಟೇರಿಂಗು

ನಮ್ಮ ಮಾವನವರ ಕೈ ನಡುಗುತ್ತದೆ, ಇನ್ನು ಮೇಲೆ ಅವರು ಜೀಪು ಓಡಿಸಬಾರದು ಎಂದು ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ್ದು ಒಂದು ಭಾನುವಾರ, ಉಪ್ಪಿಟ್ಟು ತಿನ್ನುತ್ತಾ. ತೀರ್ಮಾನ ಮಾಡಿದವರಲ್ಲಿ ಒಬ್ಬರಿಗೂ ಜೀಪು ಓಡಿಸಲು ಬರುತ್ತಿರಲಿಲ್ಲ. ನಮ್ಮ ಯಜಮಾನರು ಬಸ್ಸಿನಲ್ಲಿ ಆಫೀಸಿಗೆ ಹೋಗುವವರು. ನಾದಿನಿಯ ಗಂಡನ ಹತ್ತಿರ ಒಂದು ಸ್ಕೂಟರ್ ಇತ್ತು, ಅದನ್ನು ಅವರು ಓಡಿಸಿದ್ದಕ್ಕಿಂತ ಒರೆಸಿದ್ದೇ ಜಾಸ್ತಿ. ಅವತ್ತು ಮಾತ್ರ ಇಬ್ಬರೂ ಹುಟ್ಟುವಾಗಲೇ ಸ್ಟೇರಿಂಗ್ ಹಿಡಿದುಕೊಂಡು ಬಂದವರ ಹಾಗೆ ಮಾತಾಡಿದರು. ಎರಡನೇ ಸಲ ಉಪ್ಪಿಟ್ಟು ಬಡಿಸುತ್ತಿದ್ದ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಮನೆ ಗಂಗಾನಗರದಲ್ಲಿ. ಯಲಹಂಕದಿಂದಾಚೆ ಮಾವನವರದ್ದು ಎರಡು ಎಕರೆ ದ್ರಾಕ್ಷಿ ತೋಟ. ಇಪ್ಪತ್ತು ವರ್ಷ ಮಿಲಿಟರಿಯಲ್ಲಿ ಲಾರಿ ಓಡಿಸಿ, ಹಿಮದ ಘಟ್ಟಗಳನ್ನೆಲ್ಲ ಹತ್ತಿಳಿದು ಬಂದವರು ಅವರು. ನಿವೃತ್ತರಾದ ಮೇಲೆ ಹರಾಜಿನಲ್ಲಿ ಒಂದು ಹಳೆಯ ಮಿಲಿಟರಿ ಜೀಪು ಹಿಡಿದು, ಅದಕ್ಕೆ ಹಸಿರು ಬಣ್ಣ ಬಳಿದು, ದಿನ ಬಿಟ್ಟು ದಿನ ತೋಟಕ್ಕೆ ಹೋಗಿಬರುತ್ತಿದ್ದರು. ಪಕ್ಕದ ಸೀಟು ನನ್ನದು. ಗೊಂಚಲು ಬಿಡಿಸಿ ಬುಟ್ಟಿಗೆ ತುಂಬುವಾಗ ಸೊಸೆಯ ಕೈಯೇ ಆಗಬೇಕು ಎಂದು ಅವರು ಅತ್ತೆಯ ಹತ್ತಿರ ಹೇಳುತ್ತಿದ್ದರು. ನಿಜ ಹೇಳಬೇಕೆಂದರೆ ನಾನು ಹೋಗುತ್ತಿದ್ದದ್ದು ದ್ರಾಕ್ಷಿಗಲ್ಲ, ಜೀಪಿಗೆ. ಹೆಬ್ಬಾಳ ಕೆರೆಯ ಏರಿಯ ಮೇಲೆ ಗಾಳಿಗೆ ಸೆರಗು ಹಾರಿಸಿಕೊಂಡು ಕೂತರೆ ಮನೆಯಲ್ಲಿ ಅಡುಗೆಮನೆ ಎಂಬುದೊಂದಿದೆ ಎನ್ನುವುದೇ ಮರೆತುಹೋಗುತ್ತಿತ್ತು.

ಆ ಜೀಪು ಕೆಲವು ತಿಂಗಳಿಂದ ನೆಟ್ಟಗೆ ಹೋಗುತ್ತಿರಲಿಲ್ಲ. ನೇರವಾದ ರಸ್ತೆಯಲ್ಲೂ ಮಾವನವರು ಸ್ಟೇರಿಂಗನ್ನು ಎಡಕ್ಕಿಷ್ಟು ಬಲಕ್ಕಿಷ್ಟು ಎಳೆಯುತ್ತಲೇ ಇರಬೇಕಾಗಿತ್ತು. ನಾನು ನೋಡಿದ್ದೆ, ಕೇಳಿರಲಿಲ್ಲ. ಕೊನೆಗೊಂದು ದಿನ ಏರಿಯ ಮೇಲೆ ಸಣ್ಣ ಗುಂಡಿಯೊಂದಕ್ಕೆ ಚಕ್ರ ಇಳಿದದ್ದೇ ತಡ, ಜೀಪು ತನ್ನಷ್ಟಕ್ಕೆ ತಾನು ಎಡಕ್ಕೆ ಹೊರಳಿ, ಹುಲ್ಲು ತುಂಬಿದ ಎತ್ತಿನ ಗಾಡಿಯನ್ನು ಅರ್ಧ ಮಾರಿನಲ್ಲಿ ತಪ್ಪಿಸಿ, ಕೆಸರಿಗೆ ಮೂತಿಯಿಟ್ಟು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಎತ್ತುಗಳು ತಲೆಯೆತ್ತಿ ನೋಡುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಆದರೆ ಅದೇ ಹೊತ್ತಿಗೆ ನಾದಿನಿಯ ಗಂಡ ಸ್ಕೂಟರಿನಲ್ಲಿ ಆ ಕಡೆ ಬರಬೇಕೇ? ಸಂಜೆಯೊಳಗೆ ಸುದ್ದಿ ನೆಂಟರ ಮನೆಗಳಿಗೆಲ್ಲ ಮುಟ್ಟಿತ್ತು.

ಮಾವನವರು ವಾದ ಮಾಡಲಿಲ್ಲ. ಗಾಡಿಯ ಮೇಲೆ ತಪ್ಪು ಹೊರಿಸುವವನು ಡ್ರೈವರೇ ಅಲ್ಲ ಎನ್ನುವುದು ಅವರು ಮಿಲಿಟರಿಯಿಂದ ತಂದುಕೊಂಡ ಹಟ. ಅಲ್ಲಿ ಅದು ದೊಡ್ಡ ಮಾತಾಗಿತ್ತೋ ಏನೋ, ಗಂಗಾನಗರದ ಊಟದ ಮೇಜಿನ ಮುಂದೆ ಅದರಿಂದ ಮೂರು ಕಾಸಿನ ಉಪಯೋಗವಾಗಲಿಲ್ಲ. ಅವರು ಕಾಫಿ ಲೋಟ ಎತ್ತಿಕೊಂಡರು. ಕೈ ನಡುಗಿ ಒಂದಿಷ್ಟು ಕಾಫಿ ಪಂಚೆಯ ಮೇಲೆ ಚೆಲ್ಲಿತು. ಎಲ್ಲರೂ ಅದನ್ನೇ ನೋಡಿದರು. ಜೀಪಿಗೆ ಕೀಲಿ ಇರಲಿಲ್ಲ, ಬರೀ ಸ್ವಿಚ್ಚು. ಅದಕ್ಕೇ ನಮ್ಮ ಯಜಮಾನರು ಬಾನೆಟ್ ಎತ್ತಿ, ಹೆಬ್ಬೆಟ್ಟಿನಷ್ಟು ದೊಡ್ಡದಾದ ಕರೀ ರೋಟರನ್ನು ಕಿತ್ತು ತಂದು ತಮ್ಮ ಅಮ್ಮನ ಕೈಗೆ ಕೊಟ್ಟರು. ಅದಿಲ್ಲದೆ ಎಂಜಿನ್ ಶುರುವಾಗುವುದಿಲ್ಲ. ಆ ಉಪಾಯವನ್ನು ಮಗನಿಗೆ ಕಲಿಸಿದವರು ಮಾವನವರೇ. ಅತ್ತೆ ಅದನ್ನು ಮೆಂತ್ಯದ ಡಬ್ಬಿಯೊಳಗೆ ಹುದುಗಿಸಿಟ್ಟರು. ಮಾವನವರು ಎದ್ದು ಹಿತ್ತಲಿಗೆ ಹೋದರು.

ಆ ವಾರವೆಲ್ಲ ಅವರು ಬಸ್ಸು ಹಿಡಿದು ತೋಟಕ್ಕೆ ಹೋದರು. ನನ್ನನ್ನು ಕರೆಯಲಿಲ್ಲ. ನನಗೂ ಒಳಗೊಳಗೇ ಅನುಮಾನವಿತ್ತು, ಅದನ್ನು ಮುಚ್ಚಿಡುವುದಿಲ್ಲ. ಕೈ ನಡುಗಿದ್ದನ್ನು ನಾನೂ ಕಣ್ಣಾರೆ ಕಂಡಿದ್ದೆ. ಆದರೆ ಆ ಗುಂಡಿಯ ಹತ್ತಿರ ಜೀಪು ಹೊರಳಿದಾಗ ಅವರ ಎರಡು ಕೈಯೂ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದಿದ್ದವು, ಅದನ್ನೂ ಕಂಡಿದ್ದೆ. ತಪ್ಪು ಕೈಯದೋ ಗಾಡಿಯದೋ ಗೊತ್ತಾಗದೆ ಒಬ್ಬ ಮನುಷ್ಯನನ್ನು ಹೀಗೆ ಮೂಲೆಗೆ ಕೂರಿಸಿದ್ದು ನನಗೆ ಸಹಿಸಲಾಗಲಿಲ್ಲ. ಆರ್.ಟಿ. ನಗರದಲ್ಲಿ ಹೊಂಗೆ ಮರದ ಕೆಳಗೆ ಜೀಪು ರಿಪೇರಿ ಮಾಡುತ್ತಿದ್ದ ಭಾಯ್ ಒಬ್ಬರಿದ್ದರು. ಸೊಪ್ಪು ತರುತ್ತೇನೆಂದು ಚೀಲ ಹಿಡಿದುಕೊಂಡು ಹೊರಟವಳು ನೇರ ಅವರ ಹತ್ತಿರ ಹೋದೆ. ಮುಂದಿನ ಭಾನುವಾರ ಬರುತ್ತೇನೆ, ಗಾಡಿ ಮುಟ್ಟಬೇಡಿ ಎಂದರು.

ಹೇಳಿದ ದಿನ ಬಂದರು. ಚೀಲ ತಂದಿದ್ದರು, ಆದರೆ ಅದರೊಳಗಿನ ಒಂದು ಸ್ಪ್ಯಾನರನ್ನೂ ಹೊರಗೆ ತೆಗೆಯಲಿಲ್ಲ. ಗೋಣಿತಾಟು ಹಾಸಿ ಜೀಪಿನ ಕೆಳಗೆ ಅಂಗಾತ ಮಲಗಿದರು. ಸ್ಟೇರಿಂಗ್ ತಿರುಗಿಸುವುದಕ್ಕೆ ಒಬ್ಬರು ಬೇಕಿತ್ತು. ಮಾವನವರು ಕರಿಬೇವಿನ ಗಿಡಕ್ಕೆ ನೀರು ಹಾಕುವುದರಲ್ಲಿ ಮುಳುಗಿದ್ದರು. ಗಿಡಕ್ಕೆ ಅದು ಅವತ್ತು ಮೂರನೇ ಸಲದ ನೀರು. ನಾನೇ ಸೆರಗು ಸಿಕ್ಕಿಸಿಕೊಂಡು ಹತ್ತಿ ಕೂತೆ.

"ಇಷ್ಟೇ ಇಷ್ಟು ತಿರುಗ್ಸಿ ಅಮ್ಮಾ. ಎರಡು ಬೆರಳು ಎಡಕ್ಕೆ, ಎರಡು ಬೆರಳು ಬಲಕ್ಕೆ. ನಿಲ್ಲಿಸ್ಬೇಡಿ."

ರಾಗಿ ಬೀಸುವಾಗಿನ ಹಾಗೆ ಒಂದೇ ಹದದಲ್ಲಿ ತಿರುಗಿಸುತ್ತಾ ಹೋದೆ. ಭಾಯ್ ಕೆಳಗೆ ಒಂದೊಂದೇ ಜಾಯಿಂಟಿನ ಮೇಲೆ ಅಂಗೈಯಿಟ್ಟು ಸುಮ್ಮನೆ ಕಾಯುತ್ತಿದ್ದರು. ವೈದ್ಯರು ನಾಡಿ ನೋಡುವುದು ಹೀಗೇ ಅಲ್ಲವೇ? ಸ್ಟೇರಿಂಗ್ ಬಾಕ್ಸನ್ನು ಚಾಸಿಗೆ ಹಿಡಿದಿದ್ದ ಬೋಲ್ಟುಗಳು ಸಡಿಲವಾಗಿವೆ ಎಂದರು. ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಉದ್ದ ರಾಡಿನ ಕೊನೆಯ ಬಾಲ್ ಜಾಯಿಂಟು ಸವೆದಿದೆ ಎಂದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಅವರು ಈಚೆ ಬಂದು ತಲೆಯಾಡಿಸಿದರು. ಇಷ್ಟಕ್ಕೆಲ್ಲ ಗಾಡಿ ಸ್ವಲ್ಪ ಅಲೆಯಬಹುದು, ಗುಂಡಿ ಸಿಕ್ಕಿದ ಕೂಡಲೇ ಹೊರಳಿ ಬೀಳುವುದಿಲ್ಲವಂತೆ. ನನ್ನ ಖುಷಿ ಅಲ್ಲಿಗೇ ನಿಂತಿತು. ಜಗಲಿಯ ಮೇಲೆ ಕೂತಿದ್ದ ನಾದಿನಿಯ ಗಂಡ ನಮ್ಮ ಯಜಮಾನರ ಕಡೆ ನೋಡಿ ಹುಬ್ಬು ಹಾರಿಸಿದರು.

ಭಾಯ್ ಜೀಪಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಆಮೇಲೆ ಜಗಲಿಯ ಮೇಲಿದ್ದ ಇಬ್ಬರನ್ನೂ ಕರೆದು, ಮುಂದಿನ ಬಂಪರಿನ ಮೇಲೆ ಹತ್ತಿ ಕುಣಿಯಿರಿ ಎಂದರು. ನಾದಿನಿಯ ಗಂಡ ದಢೂತಿ ಆಳು. ಮೊದಲು ಬಿಗುಮಾನ ಮಾಡಿದರು, ಆಮೇಲೆ ಚಪ್ಪಲಿ ಬಿಟ್ಟು ಹತ್ತಿದರು. ನನ್ನನ್ನು ಭಾಯ್ ಸ್ಟೇರಿಂಗಿನಿಂದ ಕೈ ತೆಗೆಯಲು ಹೇಳಿದರು. ಭಾವ ಭಾವಮೈದುನ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಧಡ್ ಧಡ್ ಎಂದು ಕುಣಿದರು. ಎದುರು ಮನೆಯವರೆಲ್ಲ ಕಿಟಕಿಗೆ ಬಂದರು. ನನ್ನ ಕಣ್ಣೆದುರೇ ಸ್ಟೇರಿಂಗು, ಯಾರೂ ಮುಟ್ಟದೆ, ಎಡಕ್ಕೂ ಬಲಕ್ಕೂ ಅಲುಗಾಡತೊಡಗಿತು. ಮುಖ ಸಿಂಡರಿಸಿಕೊಂಡು ಬಂದಿದ್ದ ಅತ್ತೆ ಬಾಯಿಯ ಮೇಲೆ ಬೆರಳಿಟ್ಟರು.

ನಾನು ಎರಡು ಕೈಯನ್ನೂ ಮೇಲೆತ್ತಿ ತೋರಿಸಿದೆ. "ಈಗ ಯಾರ ಕೈ ನಡುಗ್ತಿದೆ, ಚೆನ್ನಾಗಿ ನೋಡ್ಕೊಳ್ರೀ," ಎಂದು ನಮ್ಮ ಯಜಮಾನರಿಗೆ ಹೇಳಿದೆ. ಅಷ್ಟು ಜನರೆದುರು ಗಂಡನಿಗೆ ಹಾಗೆ ಹೇಳಿದ್ದು ತಪ್ಪೇ ಇರಬಹುದು. ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ.

ಭಾಯ್ ಬಗ್ಗಿ ಮುಂದಿನ ಸ್ಪ್ರಿಂಗ್ ಪಟ್ಟಿಗಳನ್ನು ಎಣಿಸಿದರು. ಮೂರು ಪಟ್ಟಿ ಲಾರಿಯದು, ಇದನ್ನು ಯಾರು ಹಾಕಿಸಿದ್ದು ಎಂದು ಕೇಳಿದರು. ಯಾರು ಹಾಕಿಸಿದ್ದೆಂದು ಇಡೀ ಮನೆಗೆ ಗೊತ್ತಿತ್ತು. ತೋಟದ ದಾರಿಯ ಕಲ್ಲುಗಳಿಗೆ ಜೀಪಿನ ಹೊಟ್ಟೆ ತಾಗುತ್ತದೆಂದು ಆ ಬೇಸಿಗೆಯಲ್ಲಿ ಮಾವನವರು ಯಶವಂತಪುರಕ್ಕೆ ಹೋಗಿ, ಗುಜರಿ ಲಾರಿಯಿಂದ ಬಿಚ್ಚಿದ ದಪ್ಪ ಪಟ್ಟಿಗಳನ್ನು ಆರಿಸಿ, ಮುಂದಿನ ಎರಡೂ ಚಕ್ರಕ್ಕೆ ಹಾಕಿಸಿಕೊಂಡು ಬಂದಿದ್ದರು. ಜೀಪು ನಾಲ್ಕು ಬೆರಳು ಎತ್ತರವಾಗಿತ್ತು. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ತೋರಿಸಿದ್ದರು. ಅಂದಿನಿಂದ ಅತ್ತೆಗೆ ಜೀಪು ಹತ್ತಲು ಸ್ಟೂಲು ಬೇಕಾಗಿತ್ತು.

ಮಲಗಿರಬೇಕಾದ ರಾಡು ಈಗ ಇಳಿಜಾರಾಗಿ ನಿಂತಿದೆ, ಚಕ್ರ ಮೇಲೆ ಕೆಳಗೆ ಹೋದಾಗಲೆಲ್ಲ ರಾಡೇ ಚಕ್ರವನ್ನು ಎಳೆದು ತಿರುಗಿಸಿಬಿಡುತ್ತದೆ, ಡ್ರೈವರ್ ಎಷ್ಟೇ ಬಿಗಿಯಾಗಿ ಹಿಡಿದರೂ ಅಷ್ಟೇ ಎಂದು ಭಾಯ್ ಎರಡು ಕಡ್ಡಿ ಇಟ್ಟು ವಿವರಿಸಿದರು. ಹೊಸ ಪಟ್ಟಿಗಳು ಬಗ್ಗದೆ ಕುಟ್ಟಿದ್ದರಿಂದಲೇ ಬೋಲ್ಟು, ಜಾಯಿಂಟು ಎಲ್ಲ ಹಾಳಾಗಿದ್ದವಂತೆ.

ಮಾವನವರು ಬಿಂದಿಗೆಯನ್ನು ಕೆಳಗಿಟ್ಟು ಬಂದರು. ತಾವೂ ಬಗ್ಗಿ ರಾಡು ನೋಡಿದರು. ಅವರ ಮುಖದ ಮೇಲೆ ನಿಧಾನಕ್ಕೆ ನಗು ಹರಡಿತು.

"ಅಂಗಾದ್ರೆ ತಪ್ಪು ನಂದೇ," ಎಂದರು.

ಲಾಟರಿ ಹೊಡೆದವರೂ ಅಷ್ಟು ಸಂತೋಷದಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ. ಆಮೇಲೆ ಜಗಲಿಯ ಮೇಲಿದ್ದವರಿಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ತಪ್ಪು ನಂದೇ, ಪಟ್ಟಿ ಹಾಕಿಸಿದ್ದು ನಾನೇ ಎಂದು ಹೇಳಿಕೊಂಡು ಬಂದರು. ಅತ್ತೆ ಒಳಗೆ ಹೋಗಿ ಮೆಂತ್ಯದ ಡಬ್ಬಿ ತಂದು, ಕೈ ಹಾಕಿ ತಡಕಿ, ರೋಟರನ್ನು ಗಂಡನ ಅಂಗೈಯಲ್ಲಿಟ್ಟರು. ಅವತ್ತು ಮನೆಯಲ್ಲಿ ಒಬ್ಬಟ್ಟು.

ಯಾವ ಪಟ್ಟಿ ಹಾಕಿಸುವುದು ಎಂಬ ಚರ್ಚೆ ಆಮೇಲೆ ವಾರಗಟ್ಟಲೆ ನಡೆಯಿತು. ಯಶವಂತಪುರಕ್ಕೆ ಮಾವನವರು, ಭಾಯ್ ಮತ್ತು ನಾನು ಮೂವರೂ ಹೋದೆವು. ದಿನಾ ಏನು ಹೊರುತ್ತೀರೋ ಅದಕ್ಕೆ ಸ್ಪ್ರಿಂಗ್ ಹಾಕಿಸಿ, ಮನಸ್ಸಿನಲ್ಲಿ ಹೊರುವುದಕ್ಕೆ ಬೇಡ ಎನ್ನುವುದು ಭಾಯ್ ಅವರ ಸಲಹೆ. ನಾವು ಹೊರುತ್ತಿದ್ದದ್ದು ಇಬ್ಬರು ಮನುಷ್ಯರು, ಹತ್ತು ಬುಟ್ಟಿ ದ್ರಾಕ್ಷಿ. ಕೊನೆಗೆ ತೆಳುವಾದ, ಚೆನ್ನಾಗಿ ಬಗ್ಗುವ ಪಟ್ಟಿಗಳನ್ನು ಆರಿಸಿದ್ದಾಯಿತು, ಜೊತೆಗೆ ಹೊಸ ಬುಷ್ಷು, ಹೊಸ ಶಾಕ್ ಅಬ್ಸಾರ್ಬರು. ಹೊಟ್ಟೆ ತಾಗದಿರಲು ಒಂದು ಸೈಜು ದೊಡ್ಡ ಟೈರು ಹಾಕೋಣ ಎಂದು ಭಾಯ್ ಹೇಳಿದಾಗ ಮಾವನವರು ನನ್ನನ್ನು ಕರೆದು, ಹಾಗೆ ದೊಡ್ಡ ಟೈರು ಹಾಕಿದ್ದ ಇನ್ನೊಂದು ಜೀಪಿನ ಸ್ಟೇರಿಂಗನ್ನು ತಿರುಗಿಸಿ ನೋಡು ಎಂದರು. ನನ್ನ ರಟ್ಟೆ ಬಿದ್ದುಹೋಯಿತು. ಹಾಗಾದರೆ ಬೇಡ, ಹಳೇ ಸೈಜೇ ಇರಲಿ, ದಾರಿಯ ಕಲ್ಲುಗಳನ್ನು ಹಾರೆ ಹಾಕಿ ಎಬ್ಬಿಸಿದರಾಯಿತು ಎಂದು ಮುಗಿಸಿಬಿಟ್ಟರು. ನನ್ನನ್ನು ಯಾಕೆ ಕೇಳಿದರೆಂದು ನಾನು ಯೋಚಿಸಲೇ ಇಲ್ಲ.

ಎಲ್ಲ ಸಿದ್ಧವಾದ ದಿನ ಬೆಳಿಗ್ಗೆ ಇಬ್ಬರೂ ತೋಟಕ್ಕೆ ಹೊರಟೆವು. ಹೆಬ್ಬಾಳದ ಏರಿಯ ಮೇಲೆ ಜೀಪು ದಾರ ಹಿಡಿದ ಹಾಗೆ ಹೋಯಿತು. ಗುಂಡಿ ಅಲ್ಲೇ ಇತ್ತು, ಇಳಿದು ಹತ್ತಿತು, ಅಷ್ಟೇ. ಮಾವನವರು ಗಟ್ಟಿಯಾಗಿ ಹಾಡುತ್ತಿದ್ದರು. ನಾನು ಗೆದ್ದವಳ ಹಾಗೆ ದಾರಿಹೋಕರನ್ನೆಲ್ಲ ನೋಡಿ ನಗುತ್ತಿದ್ದೆ.

ಯಲಹಂಕ ದಾಟಿ ತೋಟದ ಮಣ್ಣಿನ ದಾರಿಗೆ ತಿರುಗಿದ ಮೇಲೆ ಅವರು ಜೀಪು ನಿಲ್ಲಿಸಿದರು. ಇಳಿದು, ಸುತ್ತಿಕೊಂಡು ನನ್ನ ಕಡೆಗೆ ಬಂದು, ಆ ಕಡೆ ಸರಿ ಎಂದರು. ನನಗೆ ಅರ್ಥವಾಗಲಿಲ್ಲ. ಅವರು ತಮ್ಮ ಬಲಗೈಯನ್ನು ನನ್ನ ಮುಂದೆ ಚಾಚಿ ಹಿಡಿದರು. ಅದು ನಡುಗುತ್ತಿತ್ತು.

"ಅವರೇಳಿದ್ದು ಪೂರಾ ಸುಳ್ಳಲ್ಲ ಕಣಮ್ಮ. ಇನ್ನೆರಡು ಮೂರು ವರ್ಸ ಓಡಿಸ್ತೀನಿ. ಯಾವಾಗ ನಿಲ್ಲಿಸ್ಬೇಕು ಅನ್ನೋದನ್ನ ನಾನು ಏಳ್ಬೇಕು, ಅವರಲ್ಲ. ಅಷ್ಟರಲ್ಲಿ ನೀನು ಕಲ್ತಿರು. ಸ್ಟೇರಿಂಗು ನಿನ್ನ ಕೈಗೆ ಅಗುರವಾಗ್ಲಿ ಅಂತಲೇ ಆ ದೊಡ್ಡ ಟೈರು ಬ್ಯಾಡ ಅಂದಿದ್ದು."

ನಾನು ಸರಿದು ಕೂತೆ. ಸ್ಟೇರಿಂಗ್ ಹಿಡಿದೆ, ಅದು ನಿಜಕ್ಕೂ ಹಗುರವಾಗಿತ್ತು. ಅಳು ಬಂತು, ತಡೆಯಲು ಆಗಲಿಲ್ಲ, ಎದುರಿನ ದಾರಿಯೆಲ್ಲ ಮಂಜಾಗಿ ಕಂಡಿತು. ಅವರು ಪಕ್ಕದಲ್ಲಿ ಕೂತು ಬಾಗಿಲ ಕಡೆಯ ಹಿಡಿಯನ್ನು ಭದ್ರವಾಗಿ ಹಿಡಿದುಕೊಂಡರು.

"ಕಣ್ಣೊರೆಸ್ಕೊ," ಎಂದರು. "ಆಮೇಲೆ ಕ್ಲಚ್ ಒತ್ತು."